ಈಗ ಯಾವ ಜಾಝ್ ಆಲ್ಬಂ ಕೇಳುತ್ತಿದ್ದೀರಿ? ಇನ್ನೊಬ್ಬರಿಗೆ ದಕ್ಕುವಂತೆ ಹೇಳುವ ಬಗೆ

"ಕೈಂಡ್ ಆಫ್ ಬ್ಲೂ ಕೇಳ್ತಾ ಇದ್ದೀನಿ, ಅದ್ಭುತ" ಎಂದು ಬರೆದರೆ ಓದಿದವರ ಕೈಗೆ ಏನೂ ಸಿಗುವುದಿಲ್ಲ. ಮೈಲ್ಸ್ ಡೇವಿಸ್ ಅವರ ಈ ಆಲ್ಬಂ ಗೊತ್ತಿದ್ದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ, ಗೊತ್ತಿಲ್ಲದವರು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. "ಅದರ ಮೊದಲ ಹಾಡು ಸೋ ವಾಟ್ ಹಾಕಿ, ಸುಮಾರು ಒಂದೂವರೆ ನಿಮಿಷಕ್ಕೆ ಡ್ರಮ್ಮರ್ ಜಿಮ್ಮಿ ಕಾಬ್ ಒಂದು ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಹೊಡೆಯುತ್ತಾರೆ, ಅದರ ನಾದ ಆರುವ ಮೊದಲೇ ಮೈಲ್ಸ್ ಡೇವಿಸ್ ಸೋಲೋ ಎತ್ತಿಕೊಳ್ಳುತ್ತಾರೆ, ಅಲ್ಲಿಂದ ಎರಡು ನಿಮಿಷ ಕೇಳಿ" ಎಂದು ಬರೆದು ನೋಡಿ. ಓದಿದವರು ಆಗಲೇ ಇಯರ್‌ಫೋನ್ ಹುಡುಕುತ್ತಾರೆ.

ಹಾಗಾಗಿ ಆಲ್ಬಂ ಹಂಚಿಕೊಳ್ಳುವಾಗ ನಾಲ್ಕು ಸಂಗತಿ ಬಿಡಬಾರದು: ಯಾವ ದಿನದ ರೆಕಾರ್ಡಿಂಗ್, ಯಾರ್‍ಯಾರು ನುಡಿಸಿದ್ದಾರೆ, ನೀವು ಕೇಳಿದ್ದು ಯಾವ ಮುದ್ರಣ (ಅಂದರೆ ಆಲ್ಬಂನ ಯಾವ ಬಿಡುಗಡೆಯ ಪ್ರತಿ), ಕಿವಿ ಎಲ್ಲಿಡಬೇಕು. ಇವುಗಳಲ್ಲಿ ಕೊನೆಯದೇ ದೊಡ್ಡದು. ಮೊದಲ ಮೂರು ಸರಿಯಿದ್ದರೆ ಮಾತ್ರ ಕೊನೆಯದಕ್ಕೆ ಬೆಲೆ.

ಬರೆಯುವ ಮೊದಲು ಕೇಳುವ ಏರ್ಪಾಡು

ಆ್ಯಪ್‌ನಲ್ಲಿ ಶಫಲ್, ಆಟೋಪ್ಲೇ, ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ದರೆ ಒಂದು ಹಾಡಿನ ಕೊನೆಯ ಸಿಂಬಲ್ ಮುಂದಿನ ಹಾಡಿನ ಮೊದಲ ಸ್ವರದ ಮೇಲೆ ಬೀಳುತ್ತದೆ, ಡ್ರಮ್ಮರ್ ಎಲ್ಲಿ ಕೈ ನಿಲ್ಲಿಸಿದರು ಎನ್ನುವುದೇ ತಿಳಿಯುವುದಿಲ್ಲ. ಎಲ್ಲ ಹಾಡುಗಳ ಶಬ್ದವನ್ನು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆದುಬಿಡಿ. ಮೆಲ್ಲಗೆ ನುಡಿಸಿದ ಹಾಡು ಮೆಲ್ಲಗೇ ಕೇಳಬೇಕು.

ಫೋನಿನ ಸ್ಪೀಕರ್‌ನಲ್ಲಿ ಕೇಳಿ ಅಭಿಪ್ರಾಯ ಬರೆಯಬೇಡಿ. ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಝ್‌ನಲ್ಲಿ ಮಿಡಿಯುತ್ತದೆ, ಆ ಪುಟ್ಟ ಸ್ಪೀಕರ್‌ಗೆ ಅಲ್ಲಿಯವರೆಗೆ ಇಳಿಯುವ ಶಕ್ತಿ ಇಲ್ಲ. ಸೋ ವಾಟ್‌ನಲ್ಲಂತೂ ಮುಖ್ಯ ರಾಗವನ್ನು ನುಡಿಸುವುದೇ ಪಾಲ್ ಚೇಂಬರ್ಸ್ ಅವರ ಬೇಸ್, ಪಿಯಾನೋ ಮತ್ತು ಊದುವಾದ್ಯಗಳು ಅದಕ್ಕೆ ಎರಡೇ ಸ್ವರದ ಉತ್ತರ ಕೊಡುತ್ತವೆ. ಫೋನಿನಲ್ಲಿ ಕೇಳಿದವರಿಗೆ ಉತ್ತರ ಕೇಳುತ್ತದೆ, ಪ್ರಶ್ನೆ ಕೇಳುವುದಿಲ್ಲ.

ಎಡ ಬಲ ಕೂಡ ಪರೀಕ್ಷಿಸಿ. ಇದೇ ಆಲ್ಬಂನ ಸ್ಟೀರಿಯೋ ಆವೃತ್ತಿಯಲ್ಲಿ ಜಾನ್ ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸೋಫೋನ್ ಎಡಕ್ಕೆ, ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ಆಲ್ಟೋ ಸ್ಯಾಕ್ಸೋಫೋನ್ ಬಲಕ್ಕೆ, ಡೇವಿಸ್ ನಡುವೆ. ನಿಮಗೆ ತಿರುವುಮುರುವಾಗಿ ಕೇಳುತ್ತಿದ್ದರೆ ಇಯರ್‌ಫೋನ್ ಅದಲುಬದಲಾಗಿದೆ ಅಥವಾ ಸ್ಪೀಕರ್ ವೈರು ತಪ್ಪಾಗಿ ಸಿಕ್ಕಿಸಿದ್ದೀರಿ. ಎರಡು ಸ್ಯಾಕ್ಸೋಫೋನ್ ಇರುವ ಆಲ್ಬಂಗಳಲ್ಲಿ ಯಾರ ಸೋಲೋ ಎಂದು ತಪ್ಪಾಗಿ ಬರೆಯಲು ಇದೇ ದೊಡ್ಡ ಕಾರಣ.

ಎಷ್ಟು ಸಲ ಕೇಳಬೇಕು? ಕನಿಷ್ಠ ಮೂರು. ಮೊದಲ ಸಲ ಏನೂ ಬರೆದುಕೊಳ್ಳದೆ, ಎಲ್‌ಪಿಯ ಒಂದು ಮಗ್ಗುಲಿನಷ್ಟು, ಅಂದರೆ ಸುಮಾರು ಇಪ್ಪತ್ತು ನಿಮಿಷ. ಐವತ್ತು ಅರವತ್ತರ ದಶಕದ ಆಲ್ಬಂಗಳನ್ನು ಆ ಅಳತೆಗೇ ಕಟ್ಟಿದ್ದು, ಮಗ್ಗುಲು ಮುಗಿದಾಗ ನಿಲ್ಲಿಸಿದರೆ ಕಿವಿಗೂ ದಣಿವಿಲ್ಲ. ಎರಡನೇ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಮೂರನೇ ಸಲ ಕೈಯಲ್ಲಿ ಪೆನ್ನಿರಲಿ.

ದಿನಾಂಕ ಮತ್ತು ಜನ

ಆ್ಯಪ್ ತೋರಿಸುವ ಇಸವಿಯನ್ನು ನಂಬಬೇಡಿ. ಬಹಳ ಸಲ ಅದು ಮರುಮುದ್ರಣದ ಇಸವಿ. ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು 1957ರ ನವೆಂಬರ್ 29ರಂದು. ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಣ್ಣಿಗೆ ಬಿದ್ದು ಆಲ್ಬಂ ಆಗಿ ಹೊರಬಂದದ್ದು 2005ರಲ್ಲಿ. 2005 ಎಂದಷ್ಟೇ ಬರೆದರೆ ಕೋಲ್ಟ್ರೇನ್ ತೀರಿಕೊಂಡು ಮೂವತ್ತೆಂಟು ವರ್ಷದ ನಂತರ ನುಡಿಸಿದಂತಾಗುತ್ತದೆ. ರೆಕಾರ್ಡ್ ಆದ ದಿನವನ್ನೇ ಮೊದಲು ಬರೆಯಿರಿ, ಬಿಡುಗಡೆಯ ಇಸವಿ ದೂರವಿದ್ದರೆ ಮಾತ್ರ ಅದನ್ನೂ ಸೇರಿಸಿ.

ಒಂದು ಆಲ್ಬಂ ಎಂದರೆ ಒಂದು ದಿನ, ಒಂದು ತಂಡ ಎಂದುಕೊಂಡರೂ ಎಡವುತ್ತೀರಿ. ಕೋಲ್ಟ್ರೇನ್‌ರ ಜೈಂಟ್ ಸ್ಟೆಪ್ಸ್‌ನ ಬಹುಪಾಲು 1959ರ ಮೇ ತಿಂಗಳದ್ದು, ಪಿಯಾನೋ ಟಾಮಿ ಫ್ಲಾನಗನ್, ಡ್ರಮ್ಸ್ ಆರ್ಟ್ ಟೇಲರ್. ಅದರಲ್ಲಿರುವ ನೈಮಾ ಮಾತ್ರ ಅದೇ ವರ್ಷದ ಡಿಸೆಂಬರ್‌ನದು, ಅಲ್ಲಿ ವಿಂಟನ್ ಕೆಲಿ ಮತ್ತು ಜಿಮ್ಮಿ ಕಾಬ್. "ನೈಮಾದಲ್ಲಿ ಫ್ಲಾನಗನ್ ಎಷ್ಟು ಮೃದು" ಎಂದು ಬರೆದರೆ ಇನ್ನೊಬ್ಬರ ಕೆಲಸವನ್ನು ಅವರ ಲೆಕ್ಕಕ್ಕೆ ಹಾಕಿದಂತೆ. ಕೈಂಡ್ ಆಫ್ ಬ್ಲೂನಲ್ಲೂ ಹೀಗೇ: ಫ್ರೆಡ್ಡಿ ಫ್ರೀಲೋಡರ್‌ಗೆ ಪಿಯಾನೋ ವಿಂಟನ್ ಕೆಲಿ, ಉಳಿದೆಲ್ಲಕ್ಕೂ ಬಿಲ್ ಇವಾನ್ಸ್. ಬ್ಲೂ ಇನ್ ಗ್ರೀನ್‌ನಲ್ಲಿ ಕ್ಯಾನನ್‌ಬಾಲ್ ಇಲ್ಲವೇ ಇಲ್ಲ. ಆಲ್ಬಂ ಹೊದಿಕೆಯ ಹಿಂಬದಿಯಲ್ಲಿ ಹಾಡಿಗೆ ಅನುಸಾರವಾಗಿ ಹೆಸರು ಕೊಟ್ಟಿರುತ್ತಾರೆ. ಹೊದಿಕೆ ಕೈಯಲ್ಲಿ ಇಲ್ಲದಿದ್ದರೆ ರೆಕಾರ್ಡ್‌ಗಳ ವಿವರ ಕೂಡಿಡುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಅದೇ ಮುದ್ರಣದ ಪುಟದಲ್ಲಿರುವ ಹಿಂಬದಿಯ ಫೋಟೋ ಹಿಗ್ಗಿಸಿ ಓದಿ.

ಜೊತೆಗಾರರ ಹೆಸರು ಬರೆಯುವುದರಲ್ಲಿ ಇನ್ನೊಂದು ಲಾಭವಿದೆ. ಆಲ್ಬಂ ಪಟ್ಟಿಗೆ ಸೇರುವುದು ನಾಯಕರ ಹೆಸರಿನಲ್ಲಿ. ಸಮ್‌ಥಿಂಗ್ ಎಲ್ಸ್ 1958ರ ಮಾರ್ಚ್ 9ರಂದು ಬ್ಲೂ ನೋಟ್ ಕಂಪನಿಗೆ ರೆಕಾರ್ಡ್ ಆದ ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ಆಲ್ಬಂ, ಆದರೆ ಟ್ರಂಪೆಟ್ ಊದಿದವರು ಮೈಲ್ಸ್ ಡೇವಿಸ್. ಡೇವಿಸ್ ಹೆಸರಿನಲ್ಲಷ್ಟೇ ಹುಡುಕುವವರಿಗೆ ಇದು ತಪ್ಪಿಹೋಗುತ್ತದೆ. ಹೊಸಬರಿಗೆ ಒಳ್ಳೆಯ ದಾರಿ ಬೇಸ್ ವಾದಕರನ್ನು ಹಿಡಿದು ಹೋಗುವುದು. ಪಾಲ್ ಚೇಂಬರ್ಸ್ ಒಬ್ಬರನ್ನೇ ಹಿಂಬಾಲಿಸಿದರೆ ಕೋಲ್ಟ್ರೇನ್‌ರ ಬ್ಲೂ ಟ್ರೇನ್, ಕೈಂಡ್ ಆಫ್ ಬ್ಲೂ, ಜೈಂಟ್ ಸ್ಟೆಪ್ಸ್ ಮೂರೂ ಸಿಗುತ್ತವೆ.

ನೀವು ಕೇಳಿದ್ದು ಯಾವ ಮುದ್ರಣ?

ಮುದ್ರಣದ ಮಾತೆಂದರೆ ಸಂಗ್ರಹಕಾರರ ಶೋಕಿ ಎಂದು ಹಲವರು ತಳ್ಳಿಹಾಕುತ್ತಾರೆ. ಆದರೆ ಎಷ್ಟೋ ಕಡೆ ಸಂಗೀತವೇ ಬೇರೆಯಾಗುತ್ತದೆ.

ಕೈಂಡ್ ಆಫ್ ಬ್ಲೂನ ಮೊದಲ ಮಗ್ಗುಲಿನ ಮೂರು ಹಾಡುಗಳು ರೆಕಾರ್ಡ್ ಆದದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋದಲ್ಲಿ. ಅಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ತುಂಬಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಹಾಡು ವೇಗವಾಗುತ್ತದೆ, ಶ್ರುತಿಯೂ ಏರುತ್ತದೆ. ಏಪ್ರಿಲ್ 22ರಂದು ರೆಕಾರ್ಡ್ ಆದ ಎರಡನೇ ಮಗ್ಗುಲಿಗೆ ಈ ದೋಷವಿಲ್ಲ. ಪಕ್ಕದಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. ಅದನ್ನು ಬಳಸಿ 1992ರಲ್ಲಿ ಒಂದು ವಿಶೇಷ ಸಿಡಿಯನ್ನೂ, ಆಮೇಲೆ 1997ರ ಮರುಮುದ್ರಣವನ್ನೂ ತಂದರು. ನಿಮ್ಮ ಪ್ರತಿ ಯಾವುದೆಂದು ತಿಳಿಯಲು ಫೋನಿನ ತಂಬೂರಿ ಆ್ಯಪ್‌ನಲ್ಲಿ ಡಿ ಶ್ರುತಿ ಹಾಕಿ, ಸೋ ವಾಟ್‌ನಲ್ಲಿ ಬೇಸ್ ರಾಗ ಎತ್ತಿಕೊಂಡ ಮೊದಲ ಹದಿನಾರು ಬಾರ್ (ಒಂದು ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆ) ಕೇಳಿ. ಸರಿಯಾದ ಪ್ರತಿ ಶ್ರುತಿಯಲ್ಲಿ ಕೂರುತ್ತದೆ, ಹಳೆಯದು ಸ್ವಲ್ಪ ಮೇಲೆ ನಿಂತು ಕಚ್ಚುತ್ತದೆ. ಹದಿನಾರು ಬಾರ್ ಆದಮೇಲೆ ಹಾಡೇ ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ, ಅಲ್ಲಿ ತಂಬೂರಿ ಹೊಂದದಿರುವುದು ದೋಷವಲ್ಲ. ಇದೇ ಆಲ್ಬಂನ ಮೊದಮೊದಲ ಎಲ್‌ಪಿಗಳಲ್ಲಿ ಎರಡನೇ ಮಗ್ಗುಲಿನ ಎರಡು ಹಾಡುಗಳ ಹೆಸರು ಹಿಂದುಮುಂದಾಗಿ ಅಚ್ಚಾಗಿವೆ. ಹಳೆಯ ಪ್ರತಿ ಇಟ್ಟುಕೊಂಡವರು ಆಲ್ ಬ್ಲೂಸ್ ಎಂದಾಗ ಫ್ಲಮೆಂಕೊ ಸ್ಕೆಚಸ್ ಬಗ್ಗೆ ಮಾತಾಡುತ್ತಿರಬಹುದು, ಕೇಳಿ ಖಚಿತ ಮಾಡಿಕೊಳ್ಳಿ.

ಚಾರ್ಲ್ಸ್ ಮಿಂಗಸ್‌ರ ಮಿಂಗಸ್ ಆ ಉಮ್‌ನಲ್ಲಿ ಎಲ್‌ಪಿಗೆ ಹಿಡಿಸಲು ಹಲವು ಹಾಡುಗಳ ಸೋಲೋಗಳನ್ನು ಕತ್ತರಿಸಿದ್ದರು, ಮುಂದೆ ಬಂದ ಮುದ್ರಣಗಳಲ್ಲಿ ಅವು ಮರಳಿ ಬಂದಿವೆ. ಒಂದೇ ಹೆಸರಿನ ಹಾಡು ಒಬ್ಬರಲ್ಲಿ ಚಿಕ್ಕದು, ಇನ್ನೊಬ್ಬರಲ್ಲಿ ದೊಡ್ಡದು. ನಿಮಿಷ ಸೆಕೆಂಡು ಬರೆಯುವಾಗ ಹಾಡಿನ ಒಟ್ಟು ಉದ್ದವನ್ನೂ ಪಕ್ಕದಲ್ಲಿ ಹಾಕುವುದು ಇದಕ್ಕಾಗಿ.

ಬೋನಸ್ ಟೇಕ್‌ಗಳು, ಅಂದರೆ ಅದೇ ಹಾಡಿನ ಬೇರೆ ರೆಕಾರ್ಡಿಂಗ್‌ಗಳು, ಮತ್ತೊಂದು ತೊಡಕು. ಬಿಲ್ ಇವಾನ್ಸ್, ಸ್ಕಾಟ್ ಲಫಾರೋ, ಪಾಲ್ ಮೋಶನ್ ಮೂವರೂ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಮಧ್ಯಾಹ್ನ ಎರಡು, ಸಂಜೆ ಮೂರು ಸೆಟ್ ನುಡಿಸಿದರು. ಹನ್ನೊಂದು ದಿನಗಳ ನಂತರ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಒಂದೇ ದಿನದಿಂದ ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್, ವಾಲ್ಟ್ಝ್ ಫಾರ್ ಡೆಬಿ ಎಂಬ ಎರಡು ಆಲ್ಬಂ ಹುಟ್ಟಿದವು. ಮೊದಲ ಎಲ್‌ಪಿಯಲ್ಲಿ ಆರು ಹಾಡು. ಸಿಡಿಯಾದಾಗ ಬೇರೆ ಟೇಕ್‌ಗಳನ್ನು ಮೂಲ ಟೇಕ್‌ನ ಬೆನ್ನಿಗೇ ಸೇರಿಸಿದರು, ಹಾಗಾಗಿ ಗ್ಲೋರಿಯಾಸ್ ಸ್ಟೆಪ್ ಒಂದರ ಹಿಂದೊಂದು ಎರಡು ಸಲ ಬರುತ್ತದೆ. ಹೊಸಬರು ಬೇಸತ್ತು ನಿಲ್ಲಿಸುವುದು ಇಲ್ಲೇ. ಮೊದಲ ಸಲ ಕೇಳುವವರಿಗೆ ಆರು ಹಾಡಿನ ಮೂಲ ಕ್ರಮವನ್ನು ಬರೆದುಕೊಡಿ. ಬೇರೆ ಟೇಕ್‌ಗಳ ರುಚಿ ಆಮೇಲೆ, ಮೂಲ ಮನಸ್ಸಿನಲ್ಲಿ ನಿಂತ ಮೇಲೆ.

ಎಲ್‌ಪಿ ಇರುವವರು ಲೇಬಲ್‌ಗೂ ಕೊನೆಯ ಹಾಡಿಗೂ ನಡುವಿನ ಖಾಲಿ ಜಾಗವನ್ನು ನೋಡಿ. ಟಾರ್ಚನ್ನು ಎದುರಿನಿಂದಲ್ಲ, ಓರೆಯಾಗಿ ಹಿಡಿದರೆ ಕೆತ್ತಿದ ಅಕ್ಷರ ಏಳುತ್ತವೆ. ಅಲ್ಲಿ ಆರ್‌ವಿಜಿ ಅಥವಾ ವ್ಯಾನ್ ಗೆಲ್ಡರ್ ಎಂಬ ಮುದ್ರೆ ಇದ್ದರೆ ಆ ಪ್ಲೇಟಿನ ಮೂಲ ಅಚ್ಚನ್ನು ಕೊರೆದವರು ರೆಕಾರ್ಡ್ ಮಾಡಿದ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರೇ. ಹಳೆಯ ಬ್ಲೂ ನೋಟ್ ಪ್ಲೇಟುಗಳಲ್ಲಿ ಕಿವಿಯ ಆಕಾರದ ಒಂದು ಸಣ್ಣ ಗುರುತೂ ಇರುತ್ತದೆ, ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ ಪಿ ಅಕ್ಷರ. 1966ರ ನಂತರದ ಮುದ್ರಣಗಳಲ್ಲಿ ಅದು ಇಲ್ಲ. ಮಾರುವವರು "ಮೊದಲ ಮುದ್ರಣ" ಎಂದು ಹೇಳಿದಾಗ ಹೊದಿಕೆಗಿಂತ ಮೊದಲು ಇಲ್ಲಿ ನೋಡಬೇಕು, ಏಕೆಂದರೆ ಹಳೆಯ ಹೊದಿಕೆಯೊಳಗೆ ಹೊಸ ಪ್ಲೇಟು ಇರುವುದು ಅಪರೂಪವೇನಲ್ಲ.

ಕಿವಿ ಎಲ್ಲಿಡಬೇಕು ಎಂದು ತೋರಿಸುವುದು

ಸೆಕೆಂಡು ಬರೆದರೆ ಸಾಕೆನ್ನಿಸಬಹುದು. ಎಲ್‌ಪಿ ಕೇಳುವವರಿಗೆ ಸೆಕೆಂಡು ಕಾಣುವುದಿಲ್ಲ, ಮುದ್ರಣ ಬದಲಾದರೆ ಸೆಕೆಂಡೂ ಜಾರುತ್ತದೆ. ಜಾರದಿರುವುದು ಸುತ್ತು, ಜಾಝ್‌ನವರು ಕೋರಸ್ ಎನ್ನುವುದು. ಹಾಡಿನ ಪೂರ್ತಿ ರೂಪ ಒಮ್ಮೆ ಮುಗಿದರೆ ಒಂದು ಕೋರಸ್, ನಮ್ಮ ತಾಳದ ಆವರ್ತ ಹಿಗ್ಗಿ ಇಡೀ ಪಲ್ಲವಿಯಷ್ಟಾದಂತೆ.

ಎಣಿಸುವುದು ಹೀಗೆ. ಬ್ಲೂಸ್ ಎಂಬ ರೂಪವಾದರೆ ಹನ್ನೆರಡು ಬಾರ್, ಪ್ರತಿ ಬಾರ್‌ಗೆ ನಾಲ್ಕು ಎಣಿಕೆ. ಬಾರ್ ಸಂಖ್ಯೆಯನ್ನೇ ಮೊದಲ ಎಣಿಕೆಯಾಗಿ ಹೇಳಿ: ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು, ಹೀಗೆ ಹನ್ನೆರಡರವರೆಗೆ. ಬ್ಲೂ ಟ್ರೇನ್‌ನ ಮೊದಲ ಹಾಡು ಇದಕ್ಕೆ ತಕ್ಕದ್ದು. ಡ್ರಮ್ಸ್ ಹಿಡಿದು ಎಣಿಸಿದರೆ ತಪ್ಪುತ್ತೀರಿ, ಡ್ರಮ್ಮರ್ ಬೇಕೆಂದೇ ಗೆರೆ ದಾಟಿ ನುಡಿಸುತ್ತಾರೆ. ಬೇಸ್ ಹಿಡಿಯಿರಿ. ಐದನೇ ಬಾರ್‌ನಲ್ಲಿ ಬೇಸ್ ಬೇರೆ ನೆಲೆಗೆ ಸರಿಯುವುದು ಕೇಳುತ್ತದೆ. ಕೇಳಿಸಲಿಲ್ಲವೆಂದರೆ ಶುರುವನ್ನೇ ತಪ್ಪು ಜಾಗದಲ್ಲಿ ಹಿಡಿದಿದ್ದೀರಿ, ಮುಖ್ಯ ರಾಗಕ್ಕೆ ಹಿಂದಿರುಗಿ ಮತ್ತೆ ಎಣಿಸಿ.

ಇನ್ನೊಂದು ಸಾಮಾನ್ಯ ರೂಪ ಮೂವತ್ತೆರಡು ಬಾರ್, ಎಂಟೆಂಟರ ನಾಲ್ಕು ಭಾಗ. ಮೊದಲೆರಡು ಮತ್ತು ಕೊನೆಯದು ಒಂದೇ ರಾಗ, ಮೂರನೆಯದು ಬೇರೆ. ಸೋ ವಾಟ್ ಹೀಗೇ ಇದೆ, ಮೂರನೇ ಭಾಗ ಇಡಿಯಾಗಿ ಅರ್ಧ ಸ್ವರ ಮೇಲೇರಿ ನಾಲ್ಕನೆಯದಕ್ಕೆ ಇಳಿಯುವುದರಿಂದ ಎಲ್ಲಿದ್ದೀರಿ ಎಂದು ಕಿವಿಯೇ ಹೇಳುತ್ತದೆ. ಒಂದು ಸುತ್ತಿಗೆ ಸುಮಾರು ಐವತ್ತಾರು ಸೆಕೆಂಡು. ಡೇವಿಸ್, ಕೋಲ್ಟ್ರೇನ್, ಕ್ಯಾನನ್‌ಬಾಲ್ ತಲಾ ಎರಡು ಸುತ್ತು, ಇವಾನ್ಸ್ ಒಂದು. "ಕೋಲ್ಟ್ರೇನ್‌ರ ಎರಡನೇ ಸುತ್ತಿನ ಮೂರನೇ ಭಾಗ" ಎಂದು ಬರೆದರೆ ಯಾವ ಮುದ್ರಣದಲ್ಲಿ ಕೇಳಿದರೂ ಅದೇ ಜಾಗಕ್ಕೆ ಬರುತ್ತಾರೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿನ ಡೋರಿಯನ್ ಸ್ವರಗಳು ಖರಹರಪ್ರಿಯದವೇ ಎಂದು ತಕ್ಷಣ ಗೊತ್ತಾಗುತ್ತದೆ. ಅದನ್ನು ಬರೆಯಿರಿ, ಉಪಯೋಗವಿದೆ. ಆದರೆ ಗಮಕವಿಲ್ಲದ ಈ ಸ್ವರಗಳಲ್ಲಿ ಖರಹರಪ್ರಿಯದ ಸಂಚಾರ ಹುಡುಕಲು ಹೋಗಬೇಡಿ.

ಲಯದಲ್ಲಿ ನಮ್ಮ ಜತಿ ಇನ್ನೂ ಹತ್ತಿರದ ಸಹಾಯ. ಡೇವ್ ಬ್ರೂಬೆಕ್ ಅವರ 1959ರ ಟೈಮ್ ಔಟ್‌ನಲ್ಲಿರುವ ಟೇಕ್ ಫೈವ್ ಐದರ ಲೆಕ್ಕ, ಆದರೆ ಖಂಡ ಛಾಪಿನಂತೆ ಎರಡು ಮೂರಲ್ಲ, ಮೂರು ಎರಡು: ತಕಿಟ ತಕ. ತಕ ತಕಿಟ ಎಂದು ಶುರುಮಾಡಿದರೆ ಮೂರನೇ ಆವರ್ತದ ಹೊತ್ತಿಗೆ ಪಿಯಾನೋ ನಿಮ್ಮ ಕೈಗೆ ಅಡ್ಡ ಬರುತ್ತದೆ. ಅದೇ ಆಲ್ಬಂನ ಬ್ಲೂ ರೊಂಡೊ ಆಲಾ ಟರ್ಕ್ ಒಂಬತ್ತರ ಲೆಕ್ಕ, ತಕಧಿಮಿ ತಕತಕಿಟ ಅದಕ್ಕೆ ಸರಿಯಾಗಿ ಕೂರುತ್ತದೆ. ಮೂರು ಸಲ ಹಾಗೆ ಬಂದು ನಾಲ್ಕನೆಯದು ತಕಿಟ ತಕಿಟ ತಕಿಟ ಆಗುತ್ತದೆ. ಸೋಲೋ ಬಂದಾಗ ಇದು ಸಾಮಾನ್ಯ ನಾಲ್ಕಕ್ಕೆ ತಿರುಗುತ್ತದೆ, ಆಗ ಎಣಿಕೆ ಬದಲಿಸಿ.

ಎಣಿಕೆಗೆ ಸಿಗದ ಆಲ್ಬಂಗಳೂ ಇವೆ. ಆರ್ನೆಟ್ ಕೋಲ್ಮನ್‌ರ ದ ಶೇಪ್ ಆಫ್ ಜಾಝ್ ಟು ಕಮ್‌ನಲ್ಲಿ ಪಿಯಾನೋ ಇಲ್ಲ, ಸೋಲೋಗಳು ನಿಗದಿಯಾದ ಬಾರ್‌ಗಳಿಗೆ ಕಟ್ಟುಬೀಳುವುದಿಲ್ಲ. ಅಲ್ಲಿ ಬೇರೆ ಗುರುತು ಕೊಡಿ: ಲೋನ್ಲಿ ವುಮನ್‌ನಲ್ಲಿ ಬಿಲ್ಲಿ ಹಿಗ್ಗಿನ್ಸ್‌ರ ಸಿಂಬಲ್ ಓಡುತ್ತಿರುವಾಗ ಅದರ ಮೇಲೆ ಕೋಲ್ಮನ್ ಮತ್ತು ಡಾನ್ ಚೆರ್‍ರಿ ರಾಗವನ್ನು ಎಷ್ಟು ನಿಧಾನವಾಗಿ ಎಳೆಯುತ್ತಾರೆ ಎನ್ನುವುದು. ಈ ಎರಡು ವೇಗವನ್ನು ಒಟ್ಟಿಗೆ ಕೇಳಲು ಹೇಳಿದರೆ ಗಲಾಟೆ ಎಂದು ಬಿಟ್ಟವರೂ ವಾಪಸ್ಸು ಬರುತ್ತಾರೆ.

ಕೆಲವಕ್ಕೆ ಹೊದಿಕೆಯೇ ಬೇಕು. 1964ರ ಡಿಸೆಂಬರ್ 9ರಂದು ರೆಕಾರ್ಡ್ ಆದ ಕೋಲ್ಟ್ರೇನ್‌ರ ಎ ಲವ್ ಸುಪ್ರೀಮ್‌ನ ಕೊನೆಯ ಭಾಗ ಸಾಮ್, ಒಳಗೆ ಅಚ್ಚಾದ ಅವರದೇ ಪ್ರಾರ್ಥನಾ ಕವಿತೆಯನ್ನು ಸ್ಯಾಕ್ಸೋಫೋನ್‌ನಲ್ಲಿ ಪದಕ್ಕೆ ಪದ ಓದುವುದು. ಕವಿತೆ ಎದುರಿಟ್ಟುಕೊಂಡರೆ ಸಾಲು ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ಬರುತ್ತದೆ ಎಂದು ತಿಳಿಯುತ್ತದೆ. ಆ್ಯಪ್‌ನಲ್ಲಿ ಕೇಳುವವರಿಗೆ ಕವಿತೆ ಸಿಗುವುದಿಲ್ಲ, ಆಲ್ಬಂ ಸೂಚಿಸುವಾಗ ಆ ಪುಟ ಹುಡುಕಿಕೊಳ್ಳಲು ಹೇಳಿ.

ಟಿಪ್ಪಣಿಯ ಒಂದು ಮಾದರಿ

"ಸ್ಯಾಕ್ಸಫೋನ್ ಕೊಲಾಸಸ್, ಸನ್ನಿ ರಾಲಿನ್ಸ್, ಪ್ರೆಸ್ಟೀಜ್ ಕಂಪನಿ, ಸಂಖ್ಯೆ 7079. ರೆಕಾರ್ಡ್ ಆದದ್ದು 1956ರ ಜೂನ್ 22, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನ ವ್ಯಾನ್ ಗೆಲ್ಡರ್ ಸ್ಟುಡಿಯೋ. ಪಿಯಾನೋ ಟಾಮಿ ಫ್ಲಾನಗನ್, ಬೇಸ್ ಡಗ್ ವಾಟ್ಕಿನ್ಸ್, ಡ್ರಮ್ಸ್ ಮ್ಯಾಕ್ಸ್ ರೋಚ್. ಕೇಳಿದ್ದು ಮೊನೊ ಸಿಡಿ, ಹೆಡ್‌ಫೋನ್‌ನಲ್ಲಿ. ಸೇಂಟ್ ಥಾಮಸ್‌ನಲ್ಲಿ ರಾಲಿನ್ಸ್ ಸೋಲೋವನ್ನು ಎರಡೇ ಸ್ವರ ಹಿಡಿದು ಶುರುಮಾಡುತ್ತಾರೆ, ಅದನ್ನೇ ತಿರುಗಿಸಿ ಮುರುಗಿಸಿ ಬೆಳೆಸುವುದನ್ನು ಗಮನಿಸಿ. ರೋಚ್‌ರ ಡ್ರಮ್ ಸೋಲೋ ಮುಗಿದಮೇಲೆ ಕೆರಿಬಿಯನ್‌ನ ಕ್ಯಾಲಿಪ್ಸೊ ನಡೆ ಹೋಗಿ ಜಾಝ್‌ನ ಸ್ವಿಂಗ್ ನಡೆ ಬರುತ್ತದೆ. ಕೊನೆಯ ಹಾಡು ಬ್ಲೂ 7, ಬೇಸ್ ಒಂಟಿಯಾಗಿ ಶುರುಮಾಡುತ್ತದೆ. ಮೊದಲ ಸಲ ಕೇಳುವವರು ಇದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಹನ್ನೊಂದು ನಿಮಿಷಕ್ಕೂ ಹೆಚ್ಚಿದೆ."

ಇದರಲ್ಲಿ ಅದ್ಭುತ, ಮೋಡಿ, ಸ್ವರ್ಗ ಯಾವುದೂ ಇಲ್ಲ, ಯಾರು ಯಾವಾಗ ಏನು ಮಾಡಿದರು ಎನ್ನುವುದಿದೆ. ವಿಶೇಷಣ ಬರೆಯಲು ಕೈ ಹೋದಾಗಲೆಲ್ಲ ಅಲ್ಲೊಂದು ಕ್ರಿಯಾಪದ ಹಾಕಿ ನೋಡಿ. ಐದಕ್ಕೆ ಇಷ್ಟು ನಕ್ಷತ್ರ ಎಂದು ಕೊಡುವುದನ್ನೂ ಬಿಡಿ. ಇಷ್ಟವಾಗಲಿಲ್ಲ ಎನ್ನುವುದಾದರೆ ಯಾವ ಹಾಡು, ಯಾವ ಸುತ್ತಿನಲ್ಲಿ ಮನಸ್ಸು ಹೊರಳಿತು ಎಂದು ಹೇಳಿ. ಅಂಥ ಮಾತಿನಿಂದ ಎಷ್ಟೋ ಸಲ ಹೊಗಳಿಕೆಗಿಂತ ಒಳ್ಳೆಯ ಚರ್ಚೆ ಹುಟ್ಟುತ್ತದೆ.

ಬೇರೆಯವರ ಟಿಪ್ಪಣಿಗೆ ಉತ್ತರಿಸುವಾಗ ಅವರು ತೋರಿಸಿದ ಜಾಗವನ್ನು ಕೇಳದೆ "ಇದಕ್ಕಿಂತ ಅದು ಚೆನ್ನಾಗಿದೆ" ಎನ್ನಬೇಡಿ. ಕೇಳಿ, ಅಲ್ಲಿಂದ ಒಂದು ಹೆಜ್ಜೆ ಮುಂದಿನದನ್ನು ಸೂಚಿಸಿ: ಅದೇ ಬೇಸ್ ವಾದಕ, ಅದೇ ವರ್ಷ, ಅಥವಾ ಅದೇ ಹಾಡಿನ ಇನ್ನೊಂದು ನುಡಿಸಾಣಿಕೆ.

ಕನ್ನಡಿಗರ ನಡುವೆ ಹಂಚಿಕೊಳ್ಳಲು ಎರಡು ಆಲ್ಬಂ ಹೆಸರಿಸಲೇಬೇಕು. 1983ರಲ್ಲಿ ಇಸಿಎಂ ಕಂಪನಿ ತಂದ ಜ್ಯೋತಿಯಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ನುಡಿಸಿದ್ದಾರೆ. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಇಲ್ಲಿ ಕೋರಸ್ ಎಣಿಸಲು ಹೋಗದೆ ತಾಳ ಹಾಕಿ, ರಮಾಮಣಿ ಅವರ ಧ್ವನಿಯ ಪಕ್ಕ ಮರಿಯಾನೊ ಎಲ್ಲಿ ಸುಮ್ಮನಾಗುತ್ತಾರೆ ಎಂದು ಗುರುತಿಸಿ. 2008ರಲ್ಲಿ ಪೈ ರೆಕಾರ್ಡಿಂಗ್ಸ್ ತಂದ ಕಿನ್ಸ್‌ಮೆನ್‌ನಲ್ಲಿ ರುದ್ರೇಶ್ ಮಹಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್ ಇಬ್ಬರದೂ ಆಲ್ಟೋ ಸ್ಯಾಕ್ಸೋಫೋನ್. ಯಾರದು ಯಾವುದು ಎಂದು ಗೊಂದಲವಾದರೆ ಸ್ವರದ ಶುರುವಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿ ಕೇಳಿ. ಗಮಕದ ಜಾರು ಗೋಪಾಲನಾಥರದು.

ಕಡೆಗೆ ಲಿಂಕ್ ವಿಷಯ. ಬೆಂಗಳೂರಿನಲ್ಲಿ ತೆರೆಯುವ ಲಿಂಕ್ ಅಮೆರಿಕದಲ್ಲಿರುವ ಗೆಳೆಯರಿಗೆ ತೆರೆಯದೇ ಇರಬಹುದು, ಹಕ್ಕು ಕೈಬದಲಾದಾಗ ಆಲ್ಬಂ ಆ್ಯಪ್‌ನಿಂದಲೇ ಮಾಯವಾಗುತ್ತದೆ. ಲಿಂಕ್ ಹಾಕಿದರೂ ಲೇಬಲ್ ಹೆಸರು ಮತ್ತು ಕ್ಯಾಟಲಾಗ್ ಸಂಖ್ಯೆ ಪಕ್ಕದಲ್ಲಿರಲಿ, ಬ್ಲೂ ಟ್ರೇನ್‌ಗೆ ಬ್ಲೂ ನೋಟ್ 1577 ಎಂಬಂತೆ. ಎಷ್ಟು ವರ್ಷದ ನಂತರ ಓದಿದರೂ ಆ ಸಂಖ್ಯೆ ಹಿಡಿದು ಹುಡುಕಬಹುದು.